ತಳ್ಳೋ ಗಾಡಿ ಮಿಸ್ತ್ರಿ

ಬೇರೆಯವರು ಯಾವುದಾದರೂ ಊರಿಗೆ ಹೋದರೆ ಗಾಡಿ ನಿಲ್ಲಿಸಲು ನೆರಳು ಹುಡುಕುತ್ತಾರೆ. ನಾನು ಇಳಿಜಾರು ಹುಡುಕುತ್ತಿದ್ದೆ. ಈ ಗುಟ್ಟನ್ನು ಇಷ್ಟು ವರ್ಷ ಯಾವ ಗಿರಣಿಯವರ ಮುಂದೆಯೂ ಬಿಟ್ಟುಕೊಟ್ಟಿರಲಿಲ್ಲ. ಯಾಕೆಂದರೆ ನಾನು ಮಿಸ್ತ್ರಿ, ಅಂದರೆ ಹಿಟ್ಟಿನ ಗಿರಣಿ ರಿಪೇರಿ ಮಾಡುವವನು. ಮನೆ ಹರಪನಹಳ್ಳಿಯಲ್ಲಿ. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಈ ಕಡೆ ಯಾವ ಊರಿನ ಗಿರಣಿ ಮುನಿಸಿಕೊಂಡರೂ ನನಗೆ ಫೋನು ಬರುತ್ತದೆ. ಬೆಲ್ಟು ಬಿಗಿ ಮಾಡುತ್ತೇನೆ, ಬೇರಿಂಗು ಬದಲಿಸುತ್ತೇನೆ, ಸವೆದು ನುಣುಪಾದ ಗಿರಣಿ ಕಲ್ಲಿಗೆ ಉಳಿ ಸುತ್ತಿಗೆ ಹಿಡಿದು ಮತ್ತೆ ಹಲ್ಲು ಕೊರೆಯುತ್ತೇನೆ. ಅದಕ್ಕೆ ನಮ್ಮಲ್ಲಿ ಟಾಕಿ ಹಾಕುವುದು ಎನ್ನುತ್ತಾರೆ. ಓದಿದ್ದು ಏಳನೇ ಕ್ಲಾಸು, ಅದೂ ಅರ್ಧ. ಲೆಕ್ಕದ ಮಾಸ್ತರು ಒಂದು ದಿನ ಬೇಸತ್ತು, "ನಿನಗ ಇದು ಹತ್ತಂಗಿಲ್ಲಲೇ, ಹೋಗು, ಎಲ್ಲ್ಯಾರ ಕಲ್ಲು ಕಡಿ ಹೋಗು" ಅಂದಿದ್ದರು. ನಾನು ಗುರುಗಳ ಮಾತು ಮೀರಿದವನಲ್ಲ. ಅವತ್ತಿನಿಂದ ಇವತ್ತಿನವರೆಗೆ ಕಲ್ಲೇ ಕಡಿಯುತ್ತಿದ್ದೇನೆ. ನಾನು ಟಾಕಿ ಹಾಕಿದ ಕಲ್ಲಿನಲ್ಲಿ ಬಿದ್ದ ಜೋಳದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದವರು ಇನ್ನೊಬ್ಬ ಮಿಸ್ತ್ರಿಯ ಹೆಸರೆತ್ತುವುದಿಲ್ಲ. ಹೀಗೆಂದು ನಾನೇ ಹೇಳಿಕೊಳ್ಳಬಾರದು, ನಿಜ. ಆದರೆ ಬೇರೆಯವರು ಹೇಳಲಿ ಎಂದು ಕಾಯುತ್ತ ಕೂತರೆ ಕೆಲಸಕ್ಕೆ ಹೊತ್ತಾಗುತ್ತದೆ.

ಇಂಥ ಮಿಸ್ತ್ರಿಯ ಸ್ವಂತ ಗಾಡಿ ಕೀಲಿ ತಿರುಗಿಸಿದರೆ ಚಾಲೂ ಆಗುವುದಿಲ್ಲ ಎಂದು ಜನಕ್ಕೆ ಗೊತ್ತಾದರೆ ಏನು ಗತಿ? ಹಲ್ಲಿನ ಡಾಕ್ಟರು ಬಾಯಿ ಮುಚ್ಚಿಕೊಂಡು ನಕ್ಕಂತೆ ಆಗುತ್ತದೆ.

ಮೊದಲು ನನಗೆ ಗಾಡಿ ಇರಲಿಲ್ಲ. ಸಾಮಾನಿನ ಚೀಲ, ಬೆಲ್ಟು, ಕೆಲವೊಮ್ಮೆ ಗಿರಣಿ ಕಲ್ಲನ್ನೂ ಬಸ್ಸಿನಲ್ಲೇ ಒಯ್ಯುತ್ತಿದ್ದೆ. ಕಂಡಕ್ಟರುಗಳು ಕಲ್ಲಿಗೂ ಟಿಕೆಟ್ಟು ಕೇಳುತ್ತಿದ್ದರು. "ಟಿಕೆಟ್ ತಗೊಂಡಮ್ಯಾಲ ಇದಕ್ಕ ಸೀಟೂ ಕೊಡ್ರಿ" ಎಂದು ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ. ಒಮ್ಮೆ ತೆಲಿಗಿ ಬಸ್ಸಿನಲ್ಲಿ ನಿಜವಾಗಿಯೂ ಕಲ್ಲಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ನಾನು ಊರು ಬರುವವರೆಗೆ ನಿಂತೇ ಹೋದೆ. ಅವತ್ತೇ ತೀರ್ಮಾನಿಸಿದೆ, ಗಾಡಿ ತಗೊಳ್ಳಬೇಕು ಅಂತ. ಹೊಸದಕ್ಕೆ ಕೈ ಎಟುಕುವುದಿಲ್ಲವಾದ್ದರಿಂದ ದಾವಣಗೆರೆಯ ಒಬ್ಬ ಬ್ರೋಕರನನ್ನು ಹಿಡಿದೆ. ಹಿಂದೆ ತಗಡಿನ ಡಬ್ಬಿಯಂಥ ಮೈ ಇದ್ದ ಒಂದು ಬಿಳೀ ವ್ಯಾನು ತೋರಿಸಿ ಅವನು ಹೇಳಿದ: "ಡಾಕ್ಟರ್ ಓಡಿಸಿದ ಗಾಡಿ ಐತ್ರಿ. ಮನೆಯಿಂದ ದವಾಖಾನೆ, ದವಾಖಾನೆಯಿಂದ ಮನೆ. ಕಲ್ಲು ಮುಳ್ಳು ಕಂಡಿಲ್ಲ." ಓದಿದವರು ಗಾಡಿಯನ್ನು ಚೆನ್ನಾಗಿ ಇಟ್ಟಿರುತ್ತಾರೆ ಎಂದು ನಂಬಿ ತಂದೆ. ಮೊದಲ ಮಳೆಗೆ ಹಿಂದಿನ ಬಾಗಿಲು ತೆರೆದ ನನ್ನ ಹೆಂಡತಿ ನೀಲಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಯಾವ ಡಾಕ್ಟರ್ರೀ ಅವ? ಆಡಿನ ವಾಸನಿ ಬರಾಕ ಹತ್ತೈತಿ" ಅಂದಳು. ಆಮೇಲೆ ವಿಚಾರಿಸಿದರೆ ಡಾಕ್ಟರು ಓಡಿಸಿದ್ದು ನಿಜವೇ. ದನದ ಡಾಕ್ಟರು. ಅವರ ಕೈಯಿಂದ ಬಿಟ್ಟ ಮೇಲೆ ನಾಲ್ಕು ವರ್ಷ ಅದು ಸಂತೆಯಿಂದ ಸಂತೆಗೆ ಆಡು ಕುರಿ ಹೊತ್ತಿದೆ. ಇವತ್ತಿಗೂ ಮಳೆ ಬಿದ್ದರೆ ಬೀದಿಯ ಆಡುಗಳು ಬಂದು ಗಾಡಿಯ ಪಕ್ಕ ನಿಲ್ಲುತ್ತವೆ, ಬಳಗದವರು ಎಂಬಂತೆ.

ಹಳೆಯ ಗಾಡಿ ತಗೊಳ್ಳುವವರಿಗೆ ನಾನು ಹೇಳುವುದು ಇಷ್ಟೇ: ಗಾಡಿಯ ರೇಟು ಎಂದು ಕೊಡುತ್ತೀರಲ್ಲ, ಅದು ಗಾಡಿಯ ರೇಟಲ್ಲ, ಗ್ಯಾರೇಜಿನ ಬಾಗಿಲ ಒಳಗೆ ಹೋಗಲು ಪ್ರವೇಶ ಫೀಸು. ನಮ್ಮ ಗ್ಯಾರೇಜಿನ ದಾದಾಪೀರ ಒಳ್ಳೆಯ ಮನುಷ್ಯ, ಮೋಸ ಮಾಡುವವನಲ್ಲ. ಆದರೆ ಅವನ ಮುಂದೆ ಬಾನೆಟ್ ಎತ್ತಿದರೆ ಸಾಕು, ಮದುವೆ ಮನೆಯ ಅಡಿಗೆಯವನ ಹಾಗೆ ಪಟ್ಟಿ ಶುರು ಮಾಡುತ್ತಾನೆ. ರೇಡಿಯೇಟರು ಸೋರುತ್ತದೆ ಎಂದು ಹೋದರೆ, "ಪೈಪೂ ಹೋಗ್ಯಾವ್ರಿ" ಅನ್ನುತ್ತಾನೆ. ಪೈಪು ಹಾಕಿಸಿದರೆ ವಾಟರ್ ಪಂಪು. ಅದು ಮುಗಿಯುವಷ್ಟರಲ್ಲಿ ಕ್ಲಚ್ ಪ್ಲೇಟು ಸುಟ್ಟ ವಾಸನೆ. ಕ್ಲಚ್ ಬಿಚ್ಚಲು ಮಲಗಿದವನು ಕೆಳಗಿನಿಂದಲೇ, "ಮಿಸ್ತ್ರಿ, ಸೈಲೆನ್ಸರು ತೂತು ಬಿದ್ದೈತಲ್ಲ, ಗೊತ್ತೈತೇನು?" ಎಂದು ಕೂಗುತ್ತಾನೆ. ಇಡೀ ಓಣಿಗೆ ಗೊತ್ತಿದೆ, ನನಗೆ ಗೊತ್ತಿರುವುದಿಲ್ಲವೆ? ಟೈರು ಎರಡು ಬದಲಿಸಿದರೆ ಉಳಿದೆರಡು ಹೊಟ್ಟೆಕಿಚ್ಚಿಗೆ ಸವೆಯುತ್ತವೆ. ಇವೆಲ್ಲದರ ಮಧ್ಯೆ ಇನ್ಶೂರೆನ್ಸು, ಟ್ಯಾಕ್ಸು, ವರ್ಷಕ್ಕೊಮ್ಮೆ ಗಾಡಿ ಓಡಲು ಯೋಗ್ಯ ಎಂಬ ಎಫ್‌ಸಿ. ಎಫ್‌ಸಿಗೆ ಹೋಗುವ ದಿನ ಗಾಡಿಗೆ ಬಣ್ಣ ಬಳಿದು, ಲೈಟು ಹತ್ತಿಸಿ, ಹೆಣ್ಣು ತೋರಿಸುವ ಮನೆಯವರ ಹಾಗೆ ಕೈ ಕಟ್ಟಿಕೊಂಡು ನಿಲ್ಲುತ್ತೇನೆ. ಪಾಸಾಗಿ ಹೊರಗೆ ಬಂದರೆ ಗೇಟಿನಲ್ಲೇ ಹಾರನ್ ಕೆಡುತ್ತದೆ. ಹೋದ ವರ್ಷ ದಾದಾಪೀರ ತನ್ನ ಶೆಡ್ಡಿಗೆ ಹೊಸ ತಗಡು ಹಾಕಿಸಿದ. ನೀಲಮ್ಮ ಆ ಕಡೆ ಹೋದಾಗಲೆಲ್ಲ ತಲೆ ಎತ್ತಿ ನೋಡಿ, "ಆ ಮೂಲಿಯಾಗಿನ ನಾಕು ತಗಡು ನಮ್ವು" ಅನ್ನುತ್ತಾಳೆ.

ಇಷ್ಟೆಲ್ಲ ಮಾಡಿಸಿದವನು ಸೆಲ್ಫ್ ಮೋಟಾರು ಒಂದನ್ನು ಯಾಕೆ ಬಿಟ್ಟೆ ಎಂದು ನೀವು ಕೇಳಬಹುದು. ಅಲ್ಲೇ ನನ್ನ ಜಂಬ ಅಡ್ಡ ಬಂದದ್ದು. ಕೀಲಿ ತಿರುಗಿಸಿದಾಗ ಇಂಜಿನ್ನನ್ನು ತಿರುಗಿಸಿ ಎಬ್ಬಿಸುವುದು ಆ ಸೆಲ್ಫ್ ಮೋಟಾರು. ಅದು 'ಟಕ್' ಎಂದು ನಾಲಿಗೆ ಲೊಚಗುಟ್ಟಿ ಸುಮ್ಮನಾಗತೊಡಗಿದಾಗ ನಾನು ಯೋಚಿಸಿದೆ: ಹತ್ತು ಎಚ್‌ಪಿ ಗಿರಣಿ ಮೋಟಾರು ಬಿಚ್ಚಿ ಜೋಡಿಸುವವನು, ಈ ಚೊಂಬಿನಷ್ಟು ಮೋಟಾರಿಗೆ ಇನ್ನೊಬ್ಬರ ಕಾಲು ಹಿಡಿಯಲೆ? ಒಂದು ಭಾನುವಾರ ಅಂಗಳದಲ್ಲಿ ಗೋಣಿಚೀಲ ಹಾಸಿ ಬಿಚ್ಚಿದೆ. ಒರೆಸಿದೆ, ಗ್ರೀಸು ಹಚ್ಚಿದೆ, ಜೋಡಿಸಿದೆ. ಜೋಡಿಸಿದ ಮೇಲೆ ಚೀಲದ ಮೇಲೆ ಒಂದು ಸ್ಪ್ರಿಂಗು, ಎರಡು ವಾಷರು ಉಳಿದವು. ನೀಲಮ್ಮ, "ಇವು ಎಲ್ಲಿವ್ರಿ?" ಅಂದಳು. "ಕಂಪನಿಯವರು ಹೆಚ್ಚಿಗಿ ಹಾಕಿರ್ತಾರ" ಅಂದೆ. ಅವತ್ತಿನಿಂದ ಆ 'ಟಕ್' ಕೂಡ ನಿಂತಿತು. ದಾದಾಪೀರ ಅದನ್ನು ನೋಡಿ ಕೈ ಮುಗಿದ. "ಮಿಸ್ತ್ರಿ, ನಾನು ಎಂದಾರ ಬಂದು ನಿಮ್ಮ ಗಿರಣಿ ಕಲ್ಲಿಗೆ ಟಾಕಿ ಹಾಕೀನೇನು? ಇನ್ನ ಇದು ರಿಪೇರಿ ಆಗಂಗಿಲ್ಲ, ಹೊಸಾದ ಹಾಕಬೇಕು." ಆ ಮಾತಿಗೆ ನನಗೆ ರೋಷ ಬಂತು. ಹೊಸದಕ್ಕೆ ಎತ್ತಿಟ್ಟ ರೊಕ್ಕ ಪ್ರತಿ ಸಲವೂ ಬ್ರೇಕಿಗೋ ಬ್ಯಾಟರಿಗೋ ಹೋಯಿತು. ಹೀಗೆ ರೋಷವೂ ಬಡತನವೂ ಕೂಡಿ ನನ್ನನ್ನು ಇಳಿಜಾರಿಗೆ ತಂದು ನಿಲ್ಲಿಸಿದವು.

ಇಳಿಜಾರಿದ್ದರೆ ಸೆಲ್ಫ್ ಬೇಕಿಲ್ಲ. ಬ್ರೇಕು ಬಿಟ್ಟರೆ ಗಾಡಿ ತಾನೇ ಉರುಳುತ್ತದೆ, ಎರಡನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಒಮ್ಮೆ ಮುಗ್ಗರಿಸಿ ಚಾಲೂ ಆಗುತ್ತದೆ. ಎರಡು ವರ್ಷದಲ್ಲಿ ಈ ಕಡೆಯ ನೆಲದ ಏರುಪೇರೆಲ್ಲ ನನಗೆ ಅಂಗೈಯಂತೆ ಗೊತ್ತಾಯಿತು. ಕೂಡ್ಲಿಗಿ ಕಡೆ ದೇವರು ಧಾರಾಳ, ಎಲ್ಲಿ ಬೇಕಾದರೂ ದಿಬ್ಬ ಕೊಟ್ಟಿದ್ದಾನೆ. ಚಿಗಟೇರಿಯ ಗಿರಣಿಯ ಮುಂದೆ ಒಂದು ತಿಪ್ಪೆಯಷ್ಟೇ ಏರಿದೆ, ಎಚ್ಚರದಿಂದ ಬಳಸಬೇಕಿತ್ತು. ಕೊಟ್ಟೂರಿನಲ್ಲಿ ಗಿರಣಿಯಿಂದ ಮೂರು ಓಣಿ ಆಚೆ ನಿಲ್ಲಿಸಿ ಚೀಲ ಹೊತ್ತು ನಡೆಯುತ್ತಿದ್ದೆ. ಗಿರಣಿಯವರು ಇದನ್ನು ಬೇರೆ ರೀತಿ ತಿಳಿದುಕೊಂಡರು. "ಭಾಳ ಶಿಸ್ತಿನ ಮನುಷ್ಯ. ಗಿರಾಕಿ ಬರೋ ಜಾಗದಾಗ ಗಾಡಿ ಅಡ್ಡ ಹಚ್ಚಂಗಿಲ್ಲ" ಎಂದು ಹೊಗಳಿದರು. ನಾನು ತಗ್ಗಿ ಬಗ್ಗಿ ಹೊಗಳಿಕೆ ಒಪ್ಪಿಕೊಂಡೆ.

ಆದರೆ ನಮ್ಮ ಓಣಿಯವರ ಕಣ್ಣು ತಪ್ಪಿಸುವುದು ಹೇಗೆ? ಮನೆಯ ಮುಂದೆ ನೆಲ ಸಮ. ಬೆಳಿಗ್ಗೆ ನೀಲಮ್ಮ, ಎದುರು ಮನೆಯ ಚಹಾದಂಗಡಿ ಬಸಣ್ಣ, ಹಾದುಹೋಗುವ ಯಾರಾದರೊಬ್ಬರು ಕೂಡಿ ತಳ್ಳಬೇಕಿತ್ತು. ಬಸಣ್ಣ ತಳ್ಳುವುದಕ್ಕಿಂತ ಹೆಚ್ಚಾಗಿ ಮಾತಾಡುವವನು. ಅವನೇ ನನಗೆ 'ತಳ್ಳೋ ಗಾಡಿ ಮಿಸ್ತ್ರಿ' ಎಂದು ಹೆಸರಿಟ್ಟ. ತಳ್ಳೋ ಗಾಡಿ ಎಂದರೆ ನಾಲ್ಕು ಸೈಕಲ್ ಗಾಲಿಯ ಮೇಲೆ ಹಲಗೆ ಹೊಡೆದು ಮಿರ್ಚಿ, ಬಾಳೆಹಣ್ಣು ಮಾರುತ್ತಾರಲ್ಲ, ಅದು. ಹಡಗಲಿ ಕಡೆಯ ಹಾಲಮ್ಮನವರು ಗಿರಣಿ ಮಿಸ್ತ್ರಿ ಬೇಕೆಂದು ತಮ್ಮ ಸಂಬಂಧಿಕರ ಮೂಲಕ ವಿಚಾರಿಸಿದಾಗ, ಆ ಸಂಬಂಧಿಕರು ಬಸಣ್ಣನ ಅಂಗಡಿಯಲ್ಲೇ ಚಹಾ ಕುಡಿಯಬೇಕೆ? ಇವನು, "ತಳ್ಳೋ ಗಾಡಿ ಮಿಸ್ತ್ರಿ ಅಂತ ಅದಾರ, ಕೈ ಭಾಳ ಚೊಲೋ" ಎಂದು ನಂಬರು ಕೊಟ್ಟ. ಹಾಲಮ್ಮ ಫೋನಿನಲ್ಲಿ ಕನಿಕರದಿಂದ ಕೇಳಿದರು: "ಅಷ್ಟು ದೂರದಿಂದ ಹೆಂಗ ಬರ್ತೀರಪ್ಪ? ಎರಡು ದಿನ ಹಿಡೀಬಹುದಲ್ಲ?" ನನಗೆ ಅರ್ಥವಾಗಲಿಲ್ಲ. "ಹತ್ತು ಗಂಟಿಗೆಲ್ಲ ಬರ್ತೀನ್ರಮ್ಮ" ಅಂದೆ. "ಅಬ್ಬಾ!" ಅಂದರು.

ಹಾಲಮ್ಮನವರದು ಹಡಗಲಿ ಹತ್ತಿರ ಖಡಕ್ ರೊಟ್ಟಿ ಮಾಡುವ ದೊಡ್ಡ ಮನೆ. ಮೂರು ಗಿರಣಿ, ಹನ್ನೊಂದು ಜನ ರೊಟ್ಟಿ ಬಡಿಯುವ ಹೆಣ್ಣುಮಕ್ಕಳು. ಆ ಅಂಗಳಕ್ಕೆ ಗಾಡಿ ತಿರುಗಿಸಿದವನು ಮೊದಲು ಇಳಿಜಾರು ಹುಡುಕಿದೆ. ನೆಲ ರೊಟ್ಟಿಯಷ್ಟೇ ಸಮ. ಸುತ್ತ ಕಪ್ಪು ಹೊಲ, ಕಣ್ಣು ಹಾಯುವಷ್ಟು ದೂರ ಒಂದು ಹುತ್ತದಷ್ಟು ಏರೂ ಇಲ್ಲ. ಕೆಲಸ ಮುಗಿಯುವವರೆಗೆ ಇಂಜಿನ್ನು ಚಾಲೂ ಇಟ್ಟುಬಿಡೋಣ ಎಂದುಕೊಂಡು ಇಳಿದೆ. ಅಷ್ಟರಲ್ಲಿ ಹಾಲಮ್ಮನೇ ಹೊರಗೆ ಬಂದರು. ಅರವತ್ತು ದಾಟಿದ ಗಟ್ಟಿ ಹೆಂಗಸು, ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ಕೀಲಿಗೊಂಚಲು.

"ಗಾಡಿ ಬಂದ್ ಮಾಡ್ರಿ. ಡೀಸಲ್ಲೇನು ಪುಕ್ಕಟ ಬರ್ತೈತೇನು?"

ಬಂದ್ ಮಾಡಿದೆ. ಇಂಜಿನ್ನು ನಿಂತ ಸದ್ದು ನನ್ನ ಕಿವಿಗೆ ಒಳ್ಳೆಯದಾಗಿ ಕೇಳಲಿಲ್ಲ. ಹಾಲಮ್ಮ ಗಾಡಿಯ ಸುತ್ತ ಒಂದು ಸುತ್ತು ಬಂದು, "ಅಲ್ಲಪ್ಪ, ನಿಮ್ದು ತಳ್ಳೋ ಗಾಡಿ ಅಂದಿದ್ರಲ್ಲ?" ಅಂದರು. ಆಗ ನನಗೆ ಹೊಳೆಯಿತು, ಬಸಣ್ಣನ ಕೆಲಸ ಇದು ಅಂತ. ನಿಜ ಹೇಳುವುದಕ್ಕೆ ಅದು ಒಳ್ಳೆಯ ಸಮಯವಾಗಿತ್ತು. ನಾನು ಹೇಳಿದ್ದು ಮಾತ್ರ ಇದು: "ಅದು ಹಿಂದಿನ ಮಾತ್ರಮ್ಮ. ತಳ್ಳಿ ತಳ್ಳಿ, ದುಡಿದು, ಈಗ ಇದನ್ನ ತಗೊಂಡೀನಿ."

ಹಾಲಮ್ಮನ ಕಣ್ಣು ಒದ್ದೆಯಾಯಿತು. ಒಳಗೆ ಕರೆದೊಯ್ದು ರೊಟ್ಟಿ ಬಡಿಯುತ್ತಿದ್ದ ಅಷ್ಟೂ ಜನಕ್ಕೆ ನನ್ನನ್ನು ತೋರಿಸಿ, "ನೋಡ್ರೇ, ಇವರು ತಳ್ಳೋ ಗಾಡಿಯಾಗ ಗಿರಣಿ ಕಲ್ಲು ಹಾಕ್ಕೊಂಡು ಊರೂರು ತಿರುಗಿ, ಈಗ ಇಂಜಿನ್ ಗಾಡಿ ತಗೊಂಡಾರ. ದುಡಿಯೋದಂದ್ರ ಇದು" ಎಂದರು. ಹನ್ನೊಂದು ಜನ ಕೈ ನಿಲ್ಲಿಸಿ ನೋಡಿದರು. ದುರುಗವ್ವ ಎಂಬೊಬ್ಬಳು ಮಾತ್ರ ನನ್ನ ಅಂಗೈಯನ್ನೂ ಹೊಟ್ಟೆಯನ್ನೂ ಒಮ್ಮೆ ನೋಡಿ, "ತಳ್ಳಿದ ಹೊಟ್ಟಿ ಹಿಂಗ ಇರ್ತೈತೇನವ್ವ?" ಎಂದು ಪಕ್ಕದವಳಿಗೆ ಹೇಳಿದಳು. ಕೇಳಿಸದಂತೆ ಉಳಿ ಎತ್ತಿಕೊಂಡೆ.

ಕೆಲಸದಲ್ಲಿ ನನಗೆ ಅಂಜಿಕೆಯಿಲ್ಲ. ಎರಡು ಜೊತೆ ಕಲ್ಲಿಗೆ ಟಾಕಿ ಹಾಕಿ, ಮೂರನೆಯದರ ಬೇರಿಂಗು ಬದಲಿಸಿ, ಜೋಳ ಸುರಿದು ತೋರಿಸಿದೆ. ಹಿಟ್ಟು ಹೂವಿನ ಹಾಗೆ ಬಿತ್ತು. ಹಾಲಮ್ಮ ಬೆರಳಲ್ಲಿ ತಿಕ್ಕಿ ನೋಡಿ ತಲೆಯಾಡಿಸಿದರು. ಊಟಕ್ಕೆ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು. ಬಡಿಸುತ್ತ ಹಾಲಮ್ಮ ಅಂದರು, "ನೀವು ಬಂದಾಗಿಂದ ಒಂದು ವಿಚಾರ ಮಾಡಾಕ ಹತ್ತೀನಿ. ನಿಮಗ ವರ್ಷದ ಕೆಲಸ ಕೊಡಬೇಕಂತೀನಿ. ತಿಂಗಳಾ ಪಗಾರ. ಹೋಗೋ ಮುಂದ ಮಾತಾಡೋಣು." ತಿಂಗಳಿಗೆ ಗೊತ್ತಾದ ಪಗಾರ! ಈ ವಯಸ್ಸಿನಲ್ಲಿ ಫೋನು ಯಾವಾಗ ಬಂದೀತೆಂದು ಕಾಯುವುದು ತಪ್ಪುತ್ತದೆ. ನೀಲಮ್ಮನ ಮುಂದೆ ಒಮ್ಮೆ ಗತ್ತಿನಿಂದ ಕೂರಬಹುದು. ಹೊಸ ಸೆಲ್ಫ್ ಹಾಕಿಸಬಹುದು. ಆಮೇಲೆ ಹಾಲಮ್ಮ, "ಗಾಡಿ ಒಳಗ ಎಷ್ಟು ಜಾಗ ಐತ್ರಿ?" ಎಂದೂ ಕೇಳಿದರು. ನನ್ನ ಏಳಿಗೆ ಕಂಡು ಖುಷಿಯಿಂದ ಕೇಳುತ್ತಿದ್ದಾರೆ ಎಂದುಕೊಂಡು ಅಗಲ ಉದ್ದ ಹೇಳಿದೆ.

ಈಗ ಉಳಿದದ್ದು ಒಂದೇ. ಯಾರ ಕಣ್ಣಿಗೂ ಬೀಳದಂತೆ ಹೊರಡುವುದು. ನಮ್ಮ ಕಡೆಯ ಮರ್ಯಾದೆ ನಿಮಗೆ ಗೊತ್ತಲ್ಲ, ಮನೆಗೆ ಬಂದವರನ್ನು ಬಾಗಿಲಲ್ಲೇ ಕಳಿಸುವುದಿಲ್ಲ. ಗಾಡಿಯ ತನಕ ಬರುತ್ತಾರೆ, ಗಾಡಿ ಹೊರಟು ತಿರುವು ದಾಟುವವರೆಗೆ ನಿಂತು ನೋಡುತ್ತಾರೆ. ಎಷ್ಟು ಒಳ್ಳೆಯ ಪದ್ಧತಿ! ಆದರೆ ಸೆಲ್ಫ್ ಇಲ್ಲದವನಿಗೆ ಇದರಷ್ಟು ಕ್ರೂರ ಪದ್ಧತಿ ಇನ್ನೊಂದಿಲ್ಲ.

"ನೀವು ಒಳಗ ಹೋಗ್ರಮ್ಮ, ಬಿಸಲೈತಿ" ಅಂದೆ.

"ಅಯ್ಯ, ಹಂಗ ಹೆಂಗಾಕೈತಿ? ನೀವು ಹತ್ರಿ, ಹೊರಡ್ರಿ."

ಹಾಲಮ್ಮ ನಿಂತರು. ಹಿಂದೆ ಹನ್ನೊಂದು ಜನ ನಿಂತರು. ನಾನು ಗಾಜು ಒರೆಸಿದೆ. ನಾಲ್ಕೂ ಟೈರು ಒದ್ದು ನೋಡಿದೆ. ಬಾನೆಟ್ ಎತ್ತಿ ಮುಚ್ಚಿದೆ. ಬಾರದ ಫೋನನ್ನು ಕಿವಿಗೆ ಹಿಡಿದು, "ಹ್ಞಾಂ, ಹೇಳ್ರಿ, ಹೊರಟೆ, ಹೊರಟೆ" ಎಂದು ಯಾರಿಗೋ ಹೇಳಿದೆ. ಅಷ್ಟರಲ್ಲಿ ಅದೇ ಫೋನು ಕಿವಿಯಲ್ಲೇ ನಿಜವಾಗಿ ರಿಂಗಾಯಿತು. ನೀಲಮ್ಮ. ದುರುಗವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಇನ್ನು ದಾರಿಯಿಲ್ಲ ಎಂದು ಒಳಗೆ ಕೂತು, ಮನೆದೇವರನ್ನು ನೆನೆದು ಕೀಲಿ ತಿರುಗಿಸಿದೆ. ಇಂಜಿನ್ನು ಉಸಿರೆತ್ತಲಿಲ್ಲ. ಮತ್ತೆ ತಿರುಗಿಸಿದೆ.

"ಅಮ್ಮಾರ!" ದುರುಗವ್ವನ ದನಿ ಕೇಳಿತು. "ಇದೂ ತಳ್ಳೋ ಗಾಡೀನ ಐತ್ರೀ!"

ಆ ನಗು ಈಗಲೂ ನನ್ನ ಕಿವಿಯಲ್ಲಿದೆ. ಹಾಲಮ್ಮ ಕೂಡ ಕಂಬ ಹಿಡಿದುಕೊಂಡು ನಕ್ಕರು. ನಾನು ಸ್ಟೇರಿಂಗು ನೋಡುತ್ತ ಕೂತೆ, ಅದರಲ್ಲಿ ಏನೋ ಬರೆದಿದೆ ಎಂಬಂತೆ. ಅಷ್ಟರಲ್ಲಿ ಹೆಣ್ಣುಮಕ್ಕಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಟ್ಟಿನ ಕೈಯಲ್ಲೇ ಗಾಡಿಯ ಹಿಂದೆ ಬಂದು ನಿಂತೇಬಿಟ್ಟರು. "ಹ್ಞೂಂ, ಹಾಕ್ರೇ ಕೈ! ಮಿಸ್ತ್ರಿ ಮನಿ ಮುಟ್ಟಲಿ!" ಎಂದು ದುರುಗವ್ವ ಹುಕುಂ ಕೊಟ್ಟಳು. ದಿನಾ ನೂರಾರು ರೊಟ್ಟಿ ಬಡಿಯುವ ಕೈಗಳು, ಬಸಣ್ಣನ ಕೈಯ ಹಾಗೆ ಅಲ್ಲ. ಹತ್ತು ಹೆಜ್ಜೆಗೇ ಇಂಜಿನ್ನು ಮುಗ್ಗರಿಸಿ, ಕೆಮ್ಮಿ, ಹೊಗೆ ಉಗುಳಿ ಎದ್ದಿತು.

ಇಲ್ಲಿ ಗಾಡಿಯ ಇನ್ನೊಂದು ಗುಣ ಹೇಳಬೇಕು. ಅದು ತಣ್ಣಗಿದ್ದಾಗ ಚಾಲೂ ಆದರೆ ಒಂದೆರಡು ಮೈಲಿ ಓಡಿ ಬಿಸಿಯಾಗುವವರೆಗೆ ನಿಲ್ಲಿಸುವಂತಿಲ್ಲ. ಎಕ್ಸಿಲೇಟರ್ ಮೇಲಿಂದ ಕಾಲು ತೆಗೆದರೆ ಸಾಯುತ್ತದೆ. ನಾನು ಅಂಗಳ ದಾಟಿ ರಸ್ತೆ ಹಿಡಿಯುತ್ತಿರುವಾಗ ಹಾಲಮ್ಮ ಕಿಟಕಿಯ ಪಕ್ಕ ಕೀಲಿಗೊಂಚಲು ಝಣಝಣಿಸುತ್ತ ಓಡಿ ಬಂದರು. ಆಗಲೇ ನೆನಪಾಯಿತು, ವರ್ಷದ ಕೆಲಸದ ಮಾತು ಹೋಗುವ ಮುಂದೆ ಎಂದಿದ್ದರು! ಏನೋ ಕೇಳುತ್ತಿದ್ದಾರೆ, ಕೈ ತೋರಿಸುತ್ತಿದ್ದಾರೆ, ತೂತು ಬಿದ್ದ ಸೈಲೆನ್ಸರಿನ ಆರ್ಭಟದಲ್ಲಿ ಒಂದಕ್ಷರ ಕೇಳುತ್ತಿಲ್ಲ. "ಏನಂತೀರಿ?" ಎಂದು ಅವರ ತುಟಿ ಆಡಿದ್ದು ಮಾತ್ರ ಕಂಡಿತು. ನಾನು ಕತ್ತು ಹೊರಗೆ ಹಾಕಿ ಗಂಟಲು ಹರಿಯುವಂತೆ ಕೂಗಿದೆ: "ಆತ್ರೀ! ಆತ್ರಮ್ಮಾ! ಆತು!"

ಮೂರು ಸಲ ಒಪ್ಪಿಕೊಂಡಿದ್ದೆ. ಯಾವುದಕ್ಕೆ ಎಂದು ಗೊತ್ತಿರಲಿಲ್ಲ. ಪುಕ್ಕಟೆ ಮಾಡುತ್ತೀರಾ ಎಂದು ಕೇಳಿದ್ದರೋ ಏನೋ. ಒಳ್ಳೆಯ ಹಿಟ್ಟು ಬೀಳಿಸಿ, ಮಾತು ಮುಗಿಸುವ ಹೊತ್ತಿಗೆ ಓಡಿಹೋದ ಮಿಸ್ತ್ರಿಗೆ ಯಾರು ತಾನೆ ಪಗಾರ ಕೊಡುತ್ತಾರೆ? ದಾರಿಯುದ್ದಕ್ಕೂ ಸಮನೆಲ, ನಿಲ್ಲಿಸಿ ಫೋನು ಮಾಡಲು ಜಾಗವಿಲ್ಲ. ಕೊನೆಗೆ ಒಂದು ಕೆರೆಯ ಏರಿ ಸಿಕ್ಕಿತು. ಗಾಡಿಯನ್ನು ಅದರ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಫೋನು ಹಚ್ಚಿದೆ.

"ಅಮ್ಮಾರ, ನೀವು ಅವಾಗ ಏನೋ ಕೇಳಿದ್ರಿ…"

"ಕೇಳಿದೆ, ನೀವು ಆತು ಅಂದ್ರಿ, ಮುಗೀತಲ್ಲ! ವಾರಕ್ಕೊಮ್ಮಿ ಬಂದು ಗಿರಣಿ ನೋಡೋದು. ತಿರುಗಿ ಹೋಗೋ ಮುಂದ ರೊಟ್ಟಿ ಪೆಟ್ಟಿಗಿ ಗಾಡಿಯಾಗ ಹಾಕ್ಕೊಂಡು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಅಂಗಡಿಗೆ ಇಳಿಸಿಕೋಂತ ಹೋಗೋದು. ಪಗಾರ ತಿಂಗಳಾ ಒಂದನೇ ತಾರೀಖಿಗೆ."

ನನ್ನ ಜೀವ ಮರಳಿ ಬಂತು. ಜೀವದ ಜೊತೆಗೆ ಜಂಬವೂ ಬಂತು. "ಹಿಟ್ಟು ನೋಡಿದ್ರಲ್ಲ, ಹೆಂಗ ಬಂತು?" ಎಂದು ಕೇಳದೆ ಇರಲಾಗಲಿಲ್ಲ.

"ಹಿಟ್ಟು ಚೊಲೋ ಬಂದೈತ್ರಿ. ನಮ್ಮೂರ ಮಿಸ್ತ್ರಿನೂ ಹಿಂಗ ಬರಂಗ ಮಾಡ್ತಾನ, ಅವ ಊರಾಗ ಇರಲಿಲ್ಲಂತ ನಿಮ್ಮನ್ನ ಕರೆಸಿದ್ದೆ. ಆದ್ರ ಅವಂಗ ಗಾಡಿ ಇಲ್ಲ. ನಿಮ್ಮ ಗಾಡಿ ನೋಡಿದಮ್ಯಾಲ ಈ ವಿಚಾರ ಬಂತು."

"ಅದು ಚಾಲೂ ಆಗಂಗಿಲ್ಲಲ್ರಮ್ಮ" ಅಂದೆ. ದನಿ ಸಣ್ಣಗಾಗಿತ್ತು.

"ಅದಕ್ಯಾಕ ಚಿಂತಿ? ಇಲ್ಲಿ ಹನ್ನೊಂದು ಮಂದಿ ಅದೀವಿ. ತಳ್ತೀವಿ, ಬರ್ರಿ."

ಮೊದಲ ಪಗಾರದಲ್ಲೇ ದಾದಾಪೀರನ ಹತ್ತಿರ ಹೋಗಿ ಹೊಸ ಸೆಲ್ಫ್ ಹಾಕಿಸಿದೆ. ಈಗ ಕೀಲಿ ತಿರುಗಿಸಿದರೆ ಗಾಡಿ ಒಂದೇ ಕೂಗಿಗೆ ಏಳುತ್ತದೆ. ದುರುಗವ್ವನಿಗೆ ಇದರಿಂದ ಬೇಸರವಾಗಿದೆ. "ನಮಗ ನಗಾಕ ಏನೂ ಇಲ್ಲದಂಗಾತು" ಅನ್ನುತ್ತಾಳೆ. ಹಾಲಮ್ಮ ಮಾತ್ರ ವ್ಯವಹಾರದಲ್ಲಿ ಗಟ್ಟಿ, ಎಲ್ಲ ಬರಹದಲ್ಲಿರಬೇಕು ಎಂದು ಒಂದು ಕರಾರು ಪತ್ರ ಬರೆಸಿ ಕಳಿಸಿದರು. ಏಳನೇ ಕ್ಲಾಸು ಅರ್ಧ ಓದಿದವನಾದರೂ ಸಹಿ ಹಾಕುವ ಕಾಗದವನ್ನು ಓದದೆ ಬಿಡುವವನಲ್ಲ ನಾನು. ಕನ್ನಡಕ ಹಾಕಿಕೊಂಡು, ನೀಲಮ್ಮನನ್ನು ಎದುರಿಗೆ ಕೂರಿಸಿಕೊಂಡು ಗಟ್ಟಿಯಾಗಿ ಓದಿದೆ. ಮೊದಲ ಸಾಲಿನಲ್ಲಿ ಗಾಡಿಯ ನಂಬರು. ಎರಡನೆಯ ಸಾಲಿನಲ್ಲಿ 'ಜೊತೆಗೆ ಮಿಸ್ತ್ರಿ ಒಬ್ಬರು'. ಕೆಳಗೆ, 'ಗಾಡಿ ಬಾರದ ವಾರ ಪಗಾರ ಹಿಡಿಯಲಾಗುವುದು' ಎಂದಿತ್ತು. ಮಿಸ್ತ್ರಿ ಬಾರದಿದ್ದರೆ ಏನು ಎಂಬುದನ್ನು ಹುಡುಕಿ ಹುಡುಕಿ ನೋಡಿದೆ, ಹಾಳೆ ತಿರುಗಿಸಿಯೂ ನೋಡಿದೆ. ಆ ಬಗ್ಗೆ ಯಾರೂ ಏನೂ ಬರೆದಿರಲಿಲ್ಲ.